ಏಣಿ ಹಿಡಿದಿದ್ದು ಯಾರು?

ಹೋದ ವರ್ಷ ಫೆಬ್ರವರಿಯಲ್ಲಿ ನಮ್ಮ ದೊಡ್ಡಪ್ಪ ಸಕಲೇಶಪುರದ ತೋಟದಲ್ಲಿ ಏಣಿಯಿಂದ ಬಿದ್ದರು. ಮೆಣಸು ಕುಯ್ಯೋಕೆ ಆಳು ಸಿಗಲಿಲ್ಲ ಅಂತ ತಾವೇ ಸಿಲ್ವರ್ ಓಕ್ ಮರಕ್ಕೆ ಏಣಿ ಇಟ್ಟು ಹತ್ತಿದ್ದರು. ತಲೆಗೆ ಪೆಟ್ಟು. ಹಾಸನದ ಆಸ್ಪತ್ರೆಯಲ್ಲಿ ಮೂರು ದಿನ ಐಸಿಯು, ನಾಲ್ಕನೇ ದಿನ ಉಸಿರಾಟ ಪರವಾಗಿಲ್ಲ ಅಂತ ರೂಮಿಗೆ ತಂದರು. ಎಚ್ಚರ ಮಾತ್ರ ಇಲ್ಲ. ರಾತ್ರಿ ಕಾಯೋದು ನನ್ನ ಪಾಲಿಗೆ ಬಂತು.

ಆಗ ನನ್ನ ಬ್ಯಾಗಿನಲ್ಲಿದ್ದದ್ದು ಒಂದು ಇಂಗ್ಲಿಷ್ ಪತ್ತೇದಾರಿ ಕಾದಂಬರಿ. ಕಥೆ ಹೇಳೋನೇ ಕೋಮಾದಲ್ಲಿ ಮಲಗಿದ್ದಾನೆ. ಅವನಿಗೆ ಎಲ್ಲಾ ಕೇಳಿಸುತ್ತೆ, ಬೆರಳು ಅಲ್ಲಾಡಿಸೋಕೂ ಆಗಲ್ಲ. ತನ್ನನ್ನು ಈ ಸ್ಥಿತಿಗೆ ತಂದವರು ಯಾರು ಅಂತ ಮಂಚದ ಸುತ್ತ ನಿಂತವರ ಮಾತಿನಲ್ಲೇ ಹುಡುಕಬೇಕು. ಆಸ್ಪತ್ರೆಯಲ್ಲಿ ಕೂತು ಓದೋ ಪುಸ್ತಕವೇ ಅಲ್ಲ, ಆದರೂ ಬಿಡೋಕಾಗಲಿಲ್ಲ. ಅತ್ತೆ ಬಂದು ಕಾಲ ಬಳಿ ನಿಂತು 'ಇನ್ನು ತೋಟ ಯಾರು ನೋಡ್ತಾರೋ' ಅಂದಾಗ, ಶ್, ಕೇಳಿಸುತ್ತೆ ಅಂದೆ. ಅವರು ನನ್ನನ್ನೇ ರೋಗಿ ಥರ ನೋಡಿದರು.

ನಿಜವಾಗಲೂ ಕೇಳಿಸುತ್ತಾ ಅಂತ ಡಾಕ್ಟರನ್ನೇ ಕೇಳಿದೆ. 'ಹೇಳೋಕೆ ಬರಲ್ಲ, ಮಾತಾಡಿಸ್ತಾ ಇರಿ' ಅಂದರು. ರೋಗಿಗೆ ಎಚ್ಚರ ಎಷ್ಟಿದೆ ಅಂತ ನೋಡೋಕೆ 1974ರಲ್ಲಿ ಗ್ಲ್ಯಾಸ್ಗೋದ ಡಾಕ್ಟರುಗಳು ಮಾಡಿದ ಅಳತೆ ಒಂದಿದೆ. ಕಣ್ಣು, ಮಾತು, ಕೈಕಾಲಿನ ಚಲನೆ ನೋಡಿ ಅಂಕ ಕೊಡ್ತಾರೆ, ಕಮ್ಮಿ ಅಂದ್ರೆ 3, ಪೂರ್ತಿ 15. ದೊಡ್ಡಪ್ಪನಿಗೆ 7. ರಾತ್ರಿ ಮೊಬೈಲಿನಲ್ಲಿ ಇನ್ನೊಂದು ಓದಿದೆ. 2006ರಲ್ಲಿ ಇಂಗ್ಲೆಂಡಿನಲ್ಲಿ, ಏನೂ ಅರಿವಿಲ್ಲ ಅಂದುಕೊಂಡಿದ್ದ ಹುಡುಗಿಗೆ ಟೆನಿಸ್ ಆಡೋದನ್ನು ಊಹಿಸಿಕೋ ಅಂದರೆ ಅವಳ ಮೆದುಳು ಸ್ಕ್ಯಾನಿನಲ್ಲಿ ನಮ್ಮ ನಿಮ್ಮ ಹಾಗೇ ಕೆಲಸ ಮಾಡಿತಂತೆ. ಅವಳದು ಕೋಮಾ ಅಲ್ಲ, ಕಣ್ಣು ತೆರೆದಿದ್ದೂ ಅರಿವಿಲ್ಲದಂತಿರೋ ಬೇರೆ ಸ್ಥಿತಿ. ಆದರೂ ಅವತ್ತು ನನಗೆ ನಿದ್ದೆ ಬರಲಿಲ್ಲ.

ಆರನೇ ರಾತ್ರಿ ಪುಸ್ತಕ ಎದೆ ಮೇಲಿಟ್ಟುಕೊಂಡು ಸುಮ್ನೆ ಕಣ್ಣು ಮುಚ್ಚಿದ್ದೆ. ಚಿಕ್ಕಪ್ಪ ಬಂದರು. ನಾನು ಮಲಗಿದ್ದೀನಿ ಅಂದುಕೊಂಡಿರಬೇಕು. ದೊಡ್ಡಪ್ಪನ ಕಾಲು ಹಿಡಿದುಕೊಂಡು, 'ಅಣ್ಣಾ, ಫೋನ್ ಬಂತು ಅಂತ ಏಣಿ ಬಿಟ್ಟು ಆಚೆ ಹೋದೆ ಕಣಣ್ಣಾ, ಎರಡೇ ನಿಮಿಷ' ಅಂದರು. ಊರಿಗೆಲ್ಲಾ ಅವರು ಹೇಳಿದ್ದು ಬೇರೆ: ನಾನು ಹಿಡಿದೇ ಇದ್ದೆ, ಏಣಿ ಜಾರಿತು ಅಂತ. ಕೈ ಜೋಮು ಹಿಡಿದರೂ ನಾನು ಅಲುಗಾಡಲಿಲ್ಲ. ಕಾದಂಬರಿಯವನಿಗೆ ಕಣ್ಣು ಬಿಡೋಕೆ ಆಗ್ತಿರಲಿಲ್ಲ. ನನಗೆ ಆಗ್ತಿತ್ತು.

ಒಂಬತ್ತನೇ ದಿನ ದೊಡ್ಡಪ್ಪ ಕಣ್ಣು ಬಿಟ್ಟರು. ಸಿನಿಮಾ ಥರ ಅಲ್ಲ, ಜನರ ಗುರುತು ಹತ್ತೋಕೆ ಇನ್ನೊಂದು ವಾರ ಬೇಕಾಯಿತು, ಅಲ್ಲೀವರೆಗೂ ನನ್ನನ್ನು ನಮ್ಮಪ್ಪನ ಹೆಸರಿನಲ್ಲೇ ಕರೆದರು. ಬಿದ್ದದ್ದಂತೂ ಪೂರ್ತಿ ಅಳಿಸಿಹೋಗಿತ್ತು. ಬೆಳಿಗ್ಗೆ ಕಾಫಿ ಕುಡಿದದ್ದು ನೆನಪಿದೆ, ಆಮೇಲೆ ಆಸ್ಪತ್ರೆ ಫ್ಯಾನು. ತಲೆಗೆ ಪೆಟ್ಟು ಬಿದ್ದವರಿಗೆ ಆ ಗಳಿಗೆ ಸಾಮಾನ್ಯವಾಗಿ ವಾಪಸ್ ಬರಲ್ಲ ಅಂದರು ಡಾಕ್ಟರು. ಕಾದಂಬರಿಯವನಿಗೆ ಮಾತ್ರ ಒಂದೊಂದೇ ವಿವರ ಬೇಕಾದ ಹೊತ್ತಿಗೆ ಸರಿಯಾಗಿ ನೆನಪಾಗ್ತಾ ಹೋಗುತ್ತೆ! ಕೊನೆಯ ನಲವತ್ತು ಪುಟ ನಾನು ಓದಲೇ ಇಲ್ಲ.

ಯುಗಾದಿ ದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ದೊಡ್ಡಪ್ಪ ಇದ್ದಕ್ಕಿದ್ದಂತೆ ಕೇಳಿದರು: 'ಅವತ್ತು ಏಣಿ ಹಿಡ್ಕೊಂಡಿದ್ದು ಯಾರ್ರೋ?'

'ನಾನೇ ಅಣ್ಣಾ' ಅಂದರು ಚಿಕ್ಕಪ್ಪ. ಆಮೇಲೆ ಯಾಕೋ ನನ್ನ ಕಡೆ ನೋಡಿದರು.

ನಾನು ಅತ್ತೆ ಹತ್ತಿರ ಇನ್ನೊಂದು ಒಬ್ಬಟ್ಟು ಕೇಳಿದೆ.