ಹೆಬ್ಬೆಟ್ಟು

ಸಿಇಟಿ ಅರ್ಜಿ ಅಂತೂ ಹೋಯ್ತು. ಎಡಗೈ ಹೆಬ್ಬೆಟ್ಟಿನ ನೀಲಿ ಮಾತ್ರ ಹೋಗ್ತಾ ಇಲ್ಲ.

ಗಾಂಧಿ ಚೌಕದ ಹತ್ತಿರದ ಸೈಬರ್‌ನಲ್ಲಿ ಎರಡು ತಾಸು ಕೂತಿದ್ದೆ. ಫೋಟೊ, ಸಹಿ, ಆಮೇಲೆ ಹೆಬ್ಬೆಟ್ಟಿನ ಗುರುತು. ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರಿನಲ್ಲಿ ಒಂದು ಅಂಕಿ ತಪ್ಪಿ ಮತ್ತೆ ಮೊದಲಿಂದ. ಹಿಂದೆ ನಿಂತವರು ಬೇರೆ "ಲಗೂ ಮುಗಸೋ ತಮ್ಮಾ" ಅಂತಿದ್ರು.

ಮನೆಗೆ ಬಂದ ಕೂಡಲೇ ಅಜ್ಜಿ ಕೈ ಹಿಡಿದು ನೋಡಿದಳು.

"ಹನ್ನೆರಡು ವರ್ಷ ಸಾಲಿ ಕಲತು ಕಡೀಕ ನೀನೂ ಹೆಬ್ಬೆಟ್ಟ ಒತ್ತಿ ಬಂದೇನೋ?"

ಏನು ಹೇಳೋದು! ತಿಂಗಳಾನುಗಟ್ಟಲೆ ಆದ್ಮೇಲೆ ಇವತ್ತು ಜೋರಾಗಿ ನಕ್ಕೆ.

ಈಗ ಮನೆಗೆ ಬಂದವರೆಲ್ಲ ಕೇಳೋದು ಒಂದೇ, ಮುಂದೇನು? ಮೂರು ವಿಷಯ, 180 ಅಂಕ, ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುದ್ದು ಅರ್ಧ, ಸಿಇಟಿದು ಅರ್ಧ. ಈ ಲೆಕ್ಕ ನನಗಿಂತ ನಮ್ಮ ಓಣಿಯವರಿಗೇ ಚೆನ್ನಾಗಿ ಬಾಯಿಪಾಠ. ಪಕ್ಕದ ಕಲಬುರಗಿಯವರಿಗೆ 371ಜೆ ಮೀಸಲಾತಿ ಇದೆ, ವಿಜಯಪುರದ ನಮಗಿಲ್ಲ, ಅದಕ್ಕೆ ಇನ್ನೂ ಜಾಸ್ತಿ ಓದು ಅನ್ನೋ ಉಪದೇಶ ಬೇರೆ. ಊಟ ಆಯ್ತಾ ಅಂತ ಕೇಳೋರೇ ಕಮ್ಮಿ ಆಗಿದ್ದಾರೆ.

ಅಜ್ಜಿಗೆ ರ‍್ಯಾಂಕ್ ಅಂದ್ರೆ ಏನಂತ ಗೊತ್ತಿಲ್ಲ. ತನ್ನ ಹೆಬ್ಬೆಟ್ಟನ್ನು ನನ್ನದರ ಪಕ್ಕ ಇಟ್ಟು ನೋಡಿದಳು. ರೊಟ್ಟಿ ಬಡಿದು, ಕಳೆ ಕಿತ್ತು ಅವಳ ಗೆರೆಗಳೆಲ್ಲ ಸವೆದುಹೋಗಿವೆ. ರೇಷನ್ ಅಂಗಡಿಯ ಮಷಿನ್ನೂ ಒಂದೊಂದು ಸಲ ತಗೊಳ್ಳಲ್ಲ.

"ನಿಂದು ಭಾಳ ಚೊಲೋ ಮೂಡೇತಿ ಬಿಡು" ಅಂದಳು.

ಆಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಸೆರಗಿನಿಂದ ತಿಕ್ಕಿದಳು. ಅರ್ಧ ಹೋಗಿದೆ. ನಾಳೆ ಕೆಮಿಸ್ಟ್ರಿ ಟೆಸ್ಟ್ ಇದೆ, ಪುಸ್ತಕದ ಅಂಚಿಗೆಲ್ಲ ಎಣ್ಣೆ.