ಎಳ್ಳಮಾಸಿಯ ಮರುದಿನದ ತೂಕ

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ಮರುದಿನ ಬೆಳಿಗ್ಗೆ ಕೊಪ್ಪಳ ಸೀಮೆಯ ಮನೆಗಳಲ್ಲಿ ಬುತ್ತಿ ಇನ್ನೂ ಪೂರ್ತಿ ಖಾಲಿಯಾಗಿರುವುದಿಲ್ಲ. ನಾಲ್ಕು ಸಜ್ಜಿರೊಟ್ಟಿ, ಡಬ್ಬಿಯ ತಳದಲ್ಲಿ ಶೇಂಗಾ ಹೋಳಿಗೆ, ಎಣ್ಣೆ ಬಿಟ್ಟುಕೊಂಡು ಕೂತ ಬದನೆಕಾಯಿ ಎಣ್ಣೆಗಾಯಿ. ಎರಡು ತಿಂಗಳಿಂದ ತೂಕ ಇಳಿಸುತ್ತ ಬಂದವರು ಆ ಹೊತ್ತಿನಲ್ಲಿ ಯಂತ್ರ ಹತ್ತಿದರೆ ಮೊನ್ನೆ 76.2 ಇದ್ದದ್ದು 77.7 ತೋರಿಸುತ್ತದೆ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿ, ಬುತ್ತಿ ಉಂಡು ಬಂದ ಖುಷಿ ಅಲ್ಲಿಗೇ ಇಂಗಿ ಹೋಗುತ್ತದೆ.

ಆ ಒಂದೂವರೆ ಕಿಲೋ ಕೊಬ್ಬಲ್ಲ. ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಕೊಬ್ಬು ಮೈಗೆ ಕೂಡಬೇಕಾದರೆ ದೇಹದ ಖರ್ಚು ಕಳೆದು ಸುಮಾರು 7,700 ಕ್ಯಾಲೊರಿ ಉಳಿಯಬೇಕು. ಒಂದೂವರೆ ಕಿಲೋಗೆ 11,550. ದೊಡ್ಡದೊಂದು ಶೇಂಗಾ ಹೋಳಿಗೆಗೆ 280 ಅಂತ ಹಿಡಿದರೂ, ದಿನದ ಊಟ ಉಂಡು ಅದರ ಮೇಲೆ ನಲವತ್ತೊಂದು ಹೋಳಿಗೆ ತಿಂದಿರಬೇಕು. ಹೊಲದಲ್ಲಿ ಚಿಗವ್ವ ಎಷ್ಟೇ ಒತ್ತಾಯ ಮಾಡಿ ಬಡಿಸಿದರೂ ಅಷ್ಟು ಯಾರಿಗೂ ಇಳಿಯುವುದಿಲ್ಲ.

ಏರಿದ್ದು ಬಹುಪಾಲು ನೀರು. ರೊಟ್ಟಿ, ಅನ್ನ, ಬೆಲ್ಲದಿಂದ ಬಂದ ಸಕ್ಕರೆಯನ್ನು ಲಿವರ್ ಮತ್ತು ಸ್ನಾಯುಗಳು ಗ್ಲೈಕೊಜೆನ್ ಆಗಿ ಕೂಡಿಡುತ್ತವೆ, ಒಂದು ಗ್ರಾಂ ಗ್ಲೈಕೊಜೆನ್ ಸುಮಾರು ಮೂರು ಗ್ರಾಂ ನೀರನ್ನು ಜತೆಗಿಟ್ಟುಕೊಳ್ಳುತ್ತದೆ. ಡಯಟ್ ಮಾಡಿ ಅರ್ಧ ಖಾಲಿಯಾಗಿದ್ದ ಆ ಉಗ್ರಾಣಕ್ಕೆ 200 ಗ್ರಾಂ ತುಂಬಿತೆಂದರೆ ಯಂತ್ರದ ಮೇಲೆ 800 ಗ್ರಾಂ. ಇನ್ನು ಉಪ್ಪು. ದವಾಖಾನೆಯಲ್ಲಿ ಹಚ್ಚುವ ಸಲೈನ್‌ನಲ್ಲಿ ಲೀಟರಿಗೆ 9 ಗ್ರಾಂ ಉಪ್ಪಿರುತ್ತದೆ. ದೇಹವೂ ಹೆಚ್ಚುಕಡಿಮೆ ಅದೇ ಹದ ಕಾಯುತ್ತದೆ. ಉಪ್ಪಿನಕಾಯಿ, ಅಗಸಿ ಚಟ್ನಿ, ಪುಂಡಿಪಲ್ಯ, ಚಿತ್ರಾನ್ನ ಎಲ್ಲ ಸೇರಿ ನಾಲ್ಕೂವರೆ ಗ್ರಾಂ ಉಪ್ಪು ಹೆಚ್ಚಾಗಿ ಹೋದರೆ ಅರ್ಧ ಲೀಟರ್ ನೀರು ನಿಲ್ಲುತ್ತದೆ. ಉಳಿದ ಇನ್ನೂರು ಗ್ರಾಂ ಇನ್ನೂ ಹೊಟ್ಟೆಯಲ್ಲೇ ಇರುವ ಊಟ. ಲೆಕ್ಕ ಮುಗಿಯಿತು.

ಇದೇ ಲೆಕ್ಕ ತಿರುಗಿ ಕೂಡ ಹೊಡೆಯುತ್ತದೆ. ಡಯಟ್ ಶುರು ಮಾಡಿದ ಮೊದಲ ವಾರ ಎರಡು ಕಿಲೋ ಇಳಿಯಿತು ಅಂತ ಕುಣಿದದ್ದೂ ಬಹುಪಾಲು ಈ ನೀರಿಗೇ.

ಕೆಡುವುದು ಆ ದಿನದ ತೂಕದಿಂದಲ್ಲ, ಅದನ್ನು ನೋಡಿದ ಮೇಲೆ ಮಾಡುವ ಕೆಲಸದಿಂದ. ನಾಷ್ಟಾ ಬಿಡುತ್ತಾರೆ. ಬರೀ ಚಹಾದ ಮೇಲೆ ಮಧ್ಯಾಹ್ನ ದೂಡುತ್ತಾರೆ. ನಾಲ್ಕು ಗಂಟೆಗೆ ಕೈಕಾಲು ಸೋತು, ಬಂಡಿಯ ಮುಂದೆ ನಿಂತು ಒಂದು ಪ್ಲೇಟ್ ಮಂಡಕ್ಕಿ ಒಗ್ಗರಣಿ, ಮೂರು ಮಿರ್ಚಿ. ರಾತ್ರಿ ‘ನನ್ನ ಕೈಲಿ ಆಗೂದಿಲ್ಲ’ ಅನ್ನುವ ಹಳಹಳಿ, ನಾಳೆಗೆ ಇನ್ನೂ ಬಿಗಿಯಾದ ಉಪವಾಸದ ಶಪಥ. ಇದು ನಾಲಿಗೆ ಚಪಲವಲ್ಲ, ಹಸಿದ ದೇಹದ ಸಹಜ ತಿರುಗೇಟು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಸಕ್ಕರೆ ಕಾಯಿಲೆಯ ಗುಳಿಗೆ ತಗೊಳ್ಳುವವರಿಗೆ ಊಟ ಬಿಡುವುದು ಅಪಾಯ ಕೂಡ: ಸಕ್ಕರೆ ಇಳಿದು, ಬೆವತು, ಕಣ್ಣು ಕತ್ತಲೆ ಬಂದು ಬೀಳಬಹುದು.

ಮರುದಿನ ಉಣ್ಣಬೇಕಾದ್ದು ದಿನದ ಊಟವನ್ನೇ. ಎಂಟರೊಳಗೆ ಒಂದು ರೊಟ್ಟಿ, ಮಡಕಿಕಾಳಿನ ಪಲ್ಯ, ಉಪ್ಪು ಹಾಕದ ಮಜ್ಜಿಗೆ. ಆದರೆ ‘ಒಂದು ರೊಟ್ಟಿ’ ಅನ್ನುವುದು ಅಳತೆಯಲ್ಲ. ಒಬ್ಬರ ಕೈಯಲ್ಲಿ ಅದು 35 ಗ್ರಾಂ ಹಿಟ್ಟಿನ ತೆಳ್ಳನೆಯ ರೊಟ್ಟಿ, ಇನ್ನೊಬ್ಬರ ಕೈಯಲ್ಲಿ 80 ಗ್ರಾಂ. ಹಿಟ್ಟನ್ನು ಒಂದೇ ಒಂದು ಸಲ ತೂಗಿ ನೋಡಿ. 50 ಗ್ರಾಂ ಜೋಳದ ಹಿಟ್ಟಿಗೆ ಸುಮಾರು 170 ಕ್ಯಾಲೊರಿ. ದಿನಾ ತೂಗುತ್ತ ಕೂರುವುದು ಬೇಡ, ಅದೂ ಒಂದು ರೋಗವಾಗುತ್ತದೆ. ನಮ್ಮ ಕಡೆ ಲೆಕ್ಕ ತಪ್ಪುವುದು ರೊಟ್ಟಿಗಿಂತ ಎಣ್ಣೆಯಲ್ಲಿ, ಶೇಂಗಾ ಹಿಂಡಿಯಲ್ಲಿ (ಚಟ್ನಿಪುಡಿಯಲ್ಲಿ). 15 ಎಂಎಲ್‌ನ ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ. ಹಿಂಡಿ ಬೇಕು, ಆದರೆ ಎರಡು ಚಮಚ ತಾಟಿಗೆ ಹಾಕಿಕೊಂಡು ಡಬ್ಬಿ ಮುಚ್ಚಿಡಿ. ಡಬ್ಬಿಯೇ ಊಟದ ಮುಂದೆ ಕೂತರೆ ಅಳತೆ ಉಳಿಯುವುದಿಲ್ಲ.

ತೂಗುವುದಕ್ಕೂ ರೀತಿ ಇದೆ. ಬೆಳಿಗ್ಗೆ ಶೌಚ ಮುಗಿಸಿ, ಚಹಾ ಕುಡಿಯುವ ಮುಂಚೆ, ಒಂದೇ ಬಗೆಯ ಬಟ್ಟೆಯಲ್ಲಿ, ಗಟ್ಟಿ ಬಂಡೆಗಲ್ಲಿನ ನೆಲದ ಮೇಲೆ. ಚಾಪೆ, ಜಮಖಾನದ ಮೇಲಿಟ್ಟರೆ ಯಂತ್ರ ತಪ್ಪು ತೋರಿಸುತ್ತದೆ. ಏಳು ದಿನದ ತೂಕ ಕೂಡಿಸಿ ಏಳರಿಂದ ಭಾಗಿಸಿ, ಈ ವಾರದ ಸರಾಸರಿಯನ್ನು ಹೋದ ವಾರದ ಸರಾಸರಿಗೆ ಹೋಲಿಸಿ. ಮುಟ್ಟಿನ ಮುಂಚಿನ ದಿನಗಳಲ್ಲಿ ನೀರು ನಿಲ್ಲುವುದರಿಂದ ಹೆಣ್ಣುಮಕ್ಕಳು ಈ ಮುಟ್ಟಿನ ಚಕ್ರದ ಒಂದು ವಾರವನ್ನು ಹೋದ ಚಕ್ರದ ಅದೇ ವಾರಕ್ಕೆ ಹೋಲಿಸಬೇಕು. ಅಂಕಿ ನೋಡಿದರೇ ದಿನ ಹಾಳಾಗುತ್ತದೆ ಅನ್ನುವವರು ಯಂತ್ರವನ್ನು ಅಟ್ಟಕ್ಕೆ ಹಾಕಿ, ನಾಲ್ಕು ವಾರಕ್ಕೊಮ್ಮೆ ಟೇಪು ಹಿಡಿಯಲಿ: ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ಮೇಲ್ತುದಿ, ಇವೆರಡರ ನಡುವೆ, ಸಹಜವಾಗಿ ಉಸಿರು ಬಿಟ್ಟಾಗ. ಭಾರತೀಯರಿಗೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು.

ಗುರಿಯೂ ಸಣ್ಣದಿರಲಿ. ಇರುವ ತೂಕದಲ್ಲಿ ನೂರಕ್ಕೆ ಐದು ಭಾಗ ಇಳಿದರೂ ಬಿಪಿ, ಸಕ್ಕರೆ ಸುಧಾರಿಸುತ್ತವೆ. 80 ಕಿಲೋದವರಿಗೆ ಅದು ನಾಲ್ಕು ಕಿಲೋ. ವಾರಕ್ಕೆ ಅರ್ಧ ಕಿಲೋದಂತೆ ಎಂಟು ವಾರದ ಕೆಲಸ. ಮದುವೆಯ ಫೋಟೋದಲ್ಲಿದ್ದಂತೆ ಆಗಬೇಕು ಅನ್ನುವುದು ಗುರಿಯಲ್ಲ, ಸಿಟ್ಟು.

ದೇಹವನ್ನು ಒಪ್ಪಿಕೊಳ್ಳುವುದು ಅಂದರೆ ಕನ್ನಡಿ ಮುಂದೆ ನಿಂತು ಒಳ್ಳೆಯ ಮಾತು ಹೇಳಿಕೊಳ್ಳುವುದು ಅಂತ ಯಾರು ಹೇಳಿದರೋ. ಅದಕ್ಕಿಂತ ದರ್ಜಿಯ ಹತ್ತಿರ ಹೋಗುವುದು ಒಳ್ಳೆಯದು. ‘ಸಣ್ಣಾದ ಮ್ಯಾಲೆ ಹೊಲಿಸ್ತೀನಿ’ ಅಂತ ಇಳಕಲ್ ಸೀರೆ ಪೆಟ್ಟಿಗೆಯಲ್ಲಿಟ್ಟು, ತೋಳು ಕಚ್ಚುವ ಹಳೆಯ ಕುಪ್ಪಸದಲ್ಲೇ ದಿನ ಕಳೆಯುವವರಿಗೆ ಆ ಹೊಲಿಗೆ ದಿನವಿಡೀ ‘ನೀ ದಪ್ಪ’ ಅಂತ ಚುಚ್ಚುತ್ತಲೇ ಇರುತ್ತದೆ. ಇವತ್ತಿನ ಅಳತೆಗೆ ಹೊಲಿಸಿ, ಒಳಗೆ ಎರಡು ಇಂಚು ಬಟ್ಟೆ ಬಿಡಿಸಿ. ಇಳಿದರೆ ಹಿಡಿಸಬಹುದು, ಏರಿದರೆ ಬಿಡಿಸಬಹುದು.

ಹೊಲದಲ್ಲಿ ಮಾತು ಬಂದೇ ಬರುತ್ತದೆ: ‘ಯಾಕವ್ವಾ, ಭಾಳ ದಪ್ಪ ಆಗೀಯಲ್ಲ?’ ಹೇಳಿದವರಿಗೆ ಅದು ಕುಶಲ ಪ್ರಶ್ನೆ. ಥೈರಾಯ್ಡ್, ಡಯಟ್ ಅಂತ ವಿವರಣೆ ಕೊಡಲು ಹೋದರೆ ನಾಲ್ಕು ಮಂದಿ ನಾಲ್ಕು ಕಷಾಯ ಹೇಳುತ್ತಾರೆ. ‘ಹೌದ್ರಿ ಅತ್ತಿ, ಬುತ್ತಿ ಬಿಚ್ಚೂಣ್ರಿ’ ಅಂದರೆ ಸಾಕು. ಹಾಗೆಯೇ ಸಣ್ಣಗಾದವರನ್ನು ಹೊಗಳುವಾಗಲೂ ನಾಲಿಗೆ ತಡೆಯಿರಿ. ಅದು ಸಕ್ಕರೆ ಕಾಯಿಲೆ ಇರಬಹುದು, ಕ್ಷಯ ಇರಬಹುದು, ನಿದ್ದೆ ಬಾರದ ದುಃಖ ಇರಬಹುದು.

ಕೆಲವು ಗುರುತು ಕಂಡರೆ ತೂಕ ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಬೇಕು: ದಿನಕ್ಕೆ ನಾಲ್ಕೈದು ಸಲ ಯಂತ್ರ ಹತ್ತುವುದು, ಕದ್ದು ಗಬಗಬ ತಿಂದು ಆಮೇಲೆ ಬೆರಳು ಹಾಕಿ ವಾಂತಿ ಮಾಡುವುದು, ಭೇದಿ ಗುಳಿಗೆ ನುಂಗುವುದು, ಮುಟ್ಟು ನಿಲ್ಲುವುದು, ಮಂದಿ ನೋಡುತ್ತಾರೆಂದು ಮನೆ ಬಿಟ್ಟು ಹೊರಡದಿರುವುದು. ಮನಸ್ಸಿನ ಕಾಯಿಲೆಯ ಕೆಲವು ಔಷಧಿಗಳಿಂದಲೂ ತೂಕ ಏರುತ್ತದೆ. ಅದಕ್ಕೆಂದು ತಾವೇ ಗುಳಿಗೆ ಬಿಡದೆ ಡಾಕ್ಟರಿಗೆ ಹೇಳಿದರೆ ಬದಲಿ ದಾರಿ ಇರುತ್ತದೆ. ಇದಕ್ಕೆಲ್ಲ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಮನಸ್ಸಿನ ಚಿಕಿತ್ಸೆಯನ್ನು ಹಳ್ಳಿಯ ಆಸ್ಪತ್ರೆಗೆ ತಂದು ನೋಡಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ‘ಬಳ್ಳಾರಿ ಮಾದರಿ’ಯೇ ಬುನಾದಿ. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಬಹುದು, ಇಲ್ಲವೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಹಚ್ಚಿ ಕನ್ನಡದಲ್ಲೇ ಮಾತಾಡಬಹುದು.

ದಿನದ ಊಟಕ್ಕೆ ಮರಳಿದವರಿಗೆ ನಾಲ್ಕೈದು ದಿನದಲ್ಲಿ ನೀರು ಇಳಿದು ತೂಕ ಮತ್ತೆ 76ರ ಆಸುಪಾಸಿಗೆ ಬರುತ್ತದೆ. ಎಳ್ಳಮಾಸಿಯಾದ ಹದಿನಾರು-ಹದಿನೇಳನೇ ದಿನಕ್ಕೆ ಕೊಪ್ಪಳದ ಗವಿಮಠದ ಜಾತ್ರೆ. ಮಹಾದಾಸೋಹದ ರೊಟ್ಟಿ, ಮಾದಲಿ ಬಿಟ್ಟು ಬರುವ ಮಾತೇ ಇಲ್ಲ. ಅದರ ಮರುದಿನ ಯಂತ್ರ ಹತ್ತಬೇಡಿ. ಐದನೇ ದಿನ ಹತ್ತಿ.