ಗೊಂಬೆ ಹೊಡೆದಾಟ, ಮಧ್ಯೆ ಸೋಡಾ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ, ಸುಮ್ನೆ 2021ರ ‘ವಿಲ್ಲೀಸ್ ವಂಡರ್‌ಲ್ಯಾಂಡ್’ ಸಿನಿಮಾ ಹಾಕಿಕೊಂಡು ಕೂತೆ. ಕಾರಿನ ಟೈರ್ ಒಡೆದಿದೆ, ರಿಪೇರಿ ದುಡ್ಡಿನ ಬದಲು ಬಾಗಿಲು ಹಾಕಿದ ಮಕ್ಕಳ ಪಾರ್ಟಿ ಜಾಗವನ್ನು ಹೀರೋ ಒಂದು ರಾತ್ರಿಯಲ್ಲಿ ಗುಡಿಸಿ ಒರೆಸಬೇಕು, ಅಲ್ಲಿನ ಮೋಟಾರ್ ಗೊಂಬೆಗಳು ಕೊಲ್ಲೋಕೆ ಬರುತ್ತವೆ. ಕಥೆ ಇಷ್ಟೇ. ಹೀರೋ ನಿಕೋಲಸ್ ಕೇಜ್ ಇಡೀ ಸಿನಿಮಾದಲ್ಲಿ ಒಂದು ಮಾತೂ ಆಡುವುದಿಲ್ಲ! ಗೊಂಬೆ ಚಚ್ಚುತ್ತಾನೆ, ಕೊಳೆಯಾದ ಟೀ ಶರ್ಟ್ ಬದಲಾಯಿಸುತ್ತಾನೆ, ವಾಚಿನ ಅಲಾರಂ ಬಡಿದ ತಕ್ಷಣ ಸೋಡಾ ಕುಡಿದು ಪಿನ್‌ಬಾಲ್ ಆಡಲು ಹೋಗುತ್ತಾನೆ. ಯಾರ ಜೀವ ಹೋಗ್ತಿದ್ದರೂ ಬ್ರೇಕ್ ಅಂದ್ರೆ ಬ್ರೇಕ್. ನಮ್ಮ ಆಫೀಸಿನಲ್ಲಿ ಇಂಥವರು ಒಬ್ಬರಾದರೂ ಬೇಕಿತ್ತು ಅಲ್ವಾ?

ಭಯವೇನೂ ಆಗಲಿಲ್ಲ, ನಕ್ಕಿದ್ದೇ ಜಾಸ್ತಿ. ಆದರೆ ಚಿಕ್ಕವನಿದ್ದಾಗ ಮೈಸೂರಿನ ದೊಡ್ಡಕೆರೆ ಮೈದಾನದ ದಸರಾ ಎಗ್ಸಿಬಿಷನ್‌ನಲ್ಲಿ ತಲೆ ಆಡಿಸೋ ಗೊಂಬೆಯೊಂದನ್ನು ನೋಡಿ ಅಪ್ಪನ ಪಂಚೆ ಹಿಡಿದು ಅತ್ತಿದ್ದು ನೆನಪಾಯ್ತು. ಮುಖ ನಗ್ತಿತ್ತು, ಕುತ್ತಿಗೆ ಮಾತ್ರ ಕಿರ್ ಕಿರ್ ಅಂತಿತ್ತು. ಆ ನಗುವೇ ಭಯ, ರಕ್ತ ಸಾಸ್ ಎಲ್ಲ ಆಮೇಲಿನದು.

ಸಿನಿಮಾ ಮುಗಿಸಿ ನೀರು ಕುಡಿಯಲು ಎದ್ದೆ. ಅಟ್ಟದ ಮೇಲೆ ಅಮ್ಮನ ದಸರಾ ಗೊಂಬೆಗಳ ಪೆಟ್ಟಿಗೆ. ಒಳಗೆ ಪಟ್ಟದ ರಾಜ ರಾಣಿ, ಪಾಪ, ಮರದವು. ಆದರೂ ಲೈಟ್ ಹಾಕಿಕೊಂಡೇ ಹೋದೆ.